ಘಟದ ಸಸಿ ಮತ್ತು ಬೆಳಕಿನ ಬಣ್ಣ

ಜನಪದ ಆಚರಣೆಗಳನ್ನು ಮೂಢನಂಬಿಕೆಯೆಂದು ಬದಿಗಿರಿಸುವುದಾಗಲಿ, ಅವೆಲ್ಲವೂ ವಿಜ್ಞಾನವೆಂದು ಕೊಂಡಾಡುವುದಾಗಲಿ ಅಧ್ಯಯನದ ಕ್ರಮವಲ್ಲ. ನವರಾತ್ರಿಯ ಘಟಸ್ಥಾಪನೆಯನ್ನು ಈ ದೃಷ್ಟಿಯಿಂದ ಪರಿಶೀಲಿಸಬಹುದು. ಉತ್ತರ ಕರ್ನಾಟಕದಲ್ಲಿ 'ಘಟ್ಟ ಹಾಕುವುದು' ಎಂದು ಕರೆಯುವ ಈ ಆಚರಣೆಯಲ್ಲಿ ದೇವರ ಕೋಣೆಯ ಘಟದ ಸುತ್ತ ಮಣ್ಣು ಹರಡಿ ಕಾಳು ಬಿತ್ತುತ್ತಾರೆ. ಪಕ್ಕದಲ್ಲಿ ನಂದಾದೀಪ ಉರಿಯುತ್ತಿರುತ್ತದೆ. ಸಸಿ ಎತ್ತರವಾಗಿ ಬಂದರೆ ಬೆಳೆ ಸಮೃದ್ಧವೆಂದು ನಂಬುವುದುಂಟು. ಆ ಎತ್ತರವೂ ಎಳೆಹಳದಿ ಬಣ್ಣವೂ ನಿಜವಾಗಿ ಏನನ್ನು ಸೂಚಿಸುತ್ತವೆ?

ಸಸ್ಯಕ್ಕೆ ಬೆಳಕು ಆಹಾರದ ಮೂಲವೂ ಹೌದು, ಪರಿಸರದ ಸೂಚನೆಯೂ ಹೌದು. ಪತ್ರಹರಿತ್ತು ಹೆಚ್ಚಾಗಿ ಕೆಂಪು ಮತ್ತು ನೀಲಿ ಕಿರಣಗಳನ್ನು ಹೀರಿಕೊಳ್ಳುತ್ತದೆ. ನೀಲಿ ಬೆಳಕು ಕಾಂಡದ ನೀಳಬೆಳವಣಿಗೆಯನ್ನು ತಡೆದು ಸಸಿಯನ್ನು ಗಿಡ್ಡವಾಗಿ, ಗಟ್ಟಿಯಾಗಿ ಬೆಳೆಸುತ್ತದೆ. ಸಸಿಯನ್ನು ಬೆಳಕಿನತ್ತ ಬಾಗಿಸುವುದೂ ಮುಖ್ಯವಾಗಿ ನೀಲಿಯೇ. ಸುಮಾರು 660 ನ್ಯಾನೊಮೀಟರ್ ಅಲೆಯುದ್ದದ ಕೆಂಪು ಹಾಗೂ 730ರ ಆಸುಪಾಸಿನ, ಕಣ್ಣಿಗೆ ಕಂಡೂ ಕಾಣದ ದೂರಕೆಂಪು ಪರಸ್ಪರ ವಿರುದ್ಧ ಪರಿಣಾಮ ಬೀರುತ್ತವೆ. ಕೆಂಪು ಬೆಳಕು ತಾಗಿದ ಲೆಟ್ಯೂಸ್ ಬೀಜ ಮೊಳೆಯುತ್ತದೆ, ಬೆನ್ನಿಗೇ ದೂರಕೆಂಪು ತಾಗಿದರೆ ಮೊಳಕೆ ತಡೆಯುತ್ತದೆ ಎಂಬುದನ್ನು ಅಮೆರಿಕದ ಬೋರ್ತ್‌ವಿಕ್, ಹೆಂಡ್ರಿಕ್ಸ್ ಮತ್ತು ಸಂಗಡಿಗರು 1952ರಲ್ಲಿ ತೋರಿಸಿದರು. ಇದಕ್ಕೆ ಕಾರಣವಾದ ವರ್ಣಕವೇ ಫೈಟೊಕ್ರೋಮ್. ಮರದ ನೆರಳಿನಲ್ಲಿ ಎಲೆಗಳು ಕೆಂಪನ್ನು ಹೀರಿ ದೂರಕೆಂಪನ್ನು ಬಿಟ್ಟುಕೊಡುವುದರಿಂದ, ಕೆಳಗಿನ ಅನೇಕ ಸಸ್ಯಗಳು ಬೆಳಕನ್ನರಸಿ ಉದ್ದಕ್ಕೆ ಬೆಳೆಯುತ್ತವೆ.

ನಂದಾದೀಪದ ಬೆಳಕು ಮಂದವಾದುದು. ಅದರಲ್ಲಿ ನೀಲಿ ಅತ್ಯಲ್ಪ. ಕೆಂಪು ಮತ್ತು ಅದರಾಚೆಯ ಕಿರಣಗಳೇ ಅಧಿಕ. ಆದ್ದರಿಂದ ಘಟದ ಸಸಿಯ ಕಾಂಡಕ್ಕೆ ತಡೆಯಿಲ್ಲ. ಕಾಳಿನಲ್ಲಿ ಸಂಗ್ರಹವಾದ ಆಹಾರವನ್ನೇ ಉಂಡು ಅದು ನೀಳವಾಗುತ್ತದೆ. ಸಾಕಷ್ಟು ಬೆಳಕಿಲ್ಲದೆ ಪತ್ರಹರಿತ್ತು ರೂಪುಗೊಳ್ಳದಿರುವುದರಿಂದ ಹಳದಿ ವರ್ಣಕಗಳು ಎದ್ದು ಕಾಣುತ್ತವೆ. ಅದೇ ಕಾಳನ್ನು ಅಂಗಳದಲ್ಲಿ ಬಿತ್ತಿದರೆ ಸಸಿ ಗಿಡ್ಡವಾಗಿ, ಹಸಿರಾಗಿ ಬರುತ್ತದೆ. ಎಂದರೆ ಎತ್ತರ ಮತ್ತು ಬಣ್ಣಗಳು ಹೇಳುವುದು ಕೋಣೆಯ ಬೆಳಕನ್ನೇ ಹೊರತು ಬರುವ ಮಳೆಬೆಳೆಯನ್ನಲ್ಲ.

ಇಷ್ಟರಿಂದ ಆಚರಣೆ ನಿರರ್ಥಕವಾಗುವುದಿಲ್ಲ. ಜೋಳ, ಗೋಧಿಗಳು ಮೊಳೆಯಲು ಬೆಳಕು ಬೇಕಿಲ್ಲ. ತೇವ, ಗಾಳಿ, ತಕ್ಕ ಶಾಖ ಸಾಕು. ಹೀಗಾಗಿ ಬಿತ್ತಿದ ಕಾಳುಗಳಲ್ಲಿ ಎಷ್ಟು ಮೊಳೆತವು, ಒಟ್ಟಿಗೇ ಮೊಳೆತವೇ ಎಂಬುದು ಬೀಜದ ಸತ್ವವನ್ನು ತಿಳಿಸುತ್ತದೆ. ನವರಾತ್ರಿ ಹಿಂಗಾರಿ ಬಿತ್ತನೆಯ ಕಾಲಕ್ಕೆ ಬರುತ್ತದೆ. ಬಿತ್ತನೆಗೆಂದು ತೆಗೆದಿರಿಸಿದ ಕಾಳನ್ನೇ ಘಟಕ್ಕೆ ಹಾಕಿದ ಮನೆಯಲ್ಲಿ, ಹೊಲಕ್ಕೆ ಹೋಗುವ ಮುನ್ನವೇ ಬೀಜಪರೀಕ್ಷೆ ನಡೆದಂತಾಯಿತು. ಅಂಗಡಿಯಿಂದ ತಂದ ಕಾಳಿನ ಘಟ ಈ ಮಾಹಿತಿಯನ್ನು ಕೊಡಲಾರದು. ಆದುದರಿಂದ ಘಟ್ಟದ ಆಚರಣೆಯನ್ನು ದಾಖಲಿಸುವಾಗ ಸಸಿಯ ಎತ್ತರವನ್ನು ಮಾತ್ರವಲ್ಲ, ಕಾಳು ಎಲ್ಲಿಂದ ಬಂದಿತೆಂಬುದನ್ನೂ ಕೇಳಿ ಬರೆದುಕೊಳ್ಳುವುದು ಅಗತ್ಯ.