ನಿಮಗಿದು ಗೊತ್ತೇ? ತೇವ, ಬೂಷ್ಟು ಮತ್ತು ಬ್ಯಾಡಗಿ

ಬ್ಯಾಡಗಿ ಮೆಣಸಿನಕಾಯಿ ಹೆಸರು ಮಾಡಿದ್ದು ಖಾರದಿಂದಲ್ಲ, ಬಣ್ಣದಿಂದ. 2011ರಲ್ಲಿ ಜಿಐ ಮಾನ್ಯತೆಯೂ ಸಿಕ್ಕಿತು. ಆ ಕೆಂಪಿಗೆ ದೊಡ್ಡ ಶತ್ರು ತೇವ. ಹಣ್ಣುಗಾಯಿಯ ತೂಕದಲ್ಲಿ ಬಹುಪಾಲು ನೀರೇ. ಕಣದಲ್ಲಿ ಒಣಗಿಸಿ ಅದನ್ನು ನೂರಕ್ಕೆ ಹತ್ತರ ಆಸುಪಾಸಿಗೆ ಇಳಿಸಬೇಕು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗಿನ ಬೀಜ ಗಲಗಲ ಎನ್ನಬೇಕು. ಹಿಚುಕಿದಾಗ ಪುಡಿಯಾದರೆ ಒಣಗಿದ್ದು ಹೆಚ್ಚಾಯಿತು, ಮೆತ್ತಗೆ ಬಾಗಿದರೆ ಸಾಲದು. ತೂಕ ಬರಲೆಂದು ನೀರು ಚಿಮುಕಿಸುವವರೂ ಇದ್ದಾರೆ. ಬೂಷ್ಟಿಗೆ ಅದಕ್ಕಿಂತ ಒಳ್ಳೆಯ ಆಮಂತ್ರಣ ಬೇಕಿಲ್ಲ.

1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಕಾರಣ, ಬ್ರೆಜಿಲ್‌ನಿಂದ ಬಂದ ಬೂಷ್ಟು ಹಿಡಿದ ಶೇಂಗಾ ಹಿಂಡಿ. ಅಫ್ಲಾಟಾಕ್ಸಿನ್ ಎಂಬ ವಿಷ ಪತ್ತೆಯಾದದ್ದು ಹಾಗೆ. ಅದನ್ನು ಹುಟ್ಟಿಸುವ ಆಸ್ಪರ್ಜಿಲಸ್ ಬೂಷ್ಟು ಹಸಿ ಆರದ ಮೆಣಸಿನಕಾಯಿಯನ್ನೂ ಬಿಡುವುದಿಲ್ಲ. ಕುದಿಸಿದರೂ ಹುರಿದರೂ ಈ ವಿಷ ಪೂರ್ತಿ ಹೋಗದು. ಯುರೋಪ್ ಒಕ್ಕೂಟದಲ್ಲಿ ಬಿ1 ಬಗೆಯ ಅಫ್ಲಾಟಾಕ್ಸಿನ್‌ಗೆ ಇರುವ ಮಿತಿ ಕಿಲೋ ಮೆಣಸಿನಕಾಯಿಗೆ 5 ಮೈಕ್ರೋಗ್ರಾಂ. ಅಂದರೆ ಒಂದು ಟನ್ನಿಗೆ 5 ಮಿಲಿಗ್ರಾಂ!

ಕೋಲ್ಡ್ ಸ್ಟೋರೇಜ್‌ನಿಂದ ತಂದ ಚೀಲವನ್ನು ಮಳೆಗಾಲದ ಗಾಳಿಗೆ ತಕ್ಷಣ ಬಿಚ್ಚಬಾರದು. ತಣ್ಣಗಿನ ಕಾಯಿಯ ಮೇಲೆ ಗಾಳಿಯ ನೀರಾವಿ ಕೂತು ಬೆವರುತ್ತದೆ. ತಿಂಗಳುಗಟ್ಟಲೆ ಬಾಡಿಗೆ ಕಟ್ಟಿ ಕಾಪಾಡಿದ್ದು ಒಂದೇ ದಿನದಲ್ಲಿ ಹಾಳು.

ರಾಣೆಬೆನ್ನೂರು ಸೀಮೆಯ ಹೈಬ್ರಿಡ್ ತರಕಾರಿ ಬೀಜಕ್ಕೂ ತೇವವೇ ಶತ್ರು. ಹ್ಯಾರಿಂಗ್ಟನ್ ಸೂತ್ರದ ಪ್ರಕಾರ ಬೀಜದ ತೇವಾಂಶ ಶೇ. 1ರಷ್ಟು ಇಳಿದರೆ ಅದರ ಆಯುಷ್ಯ ಹೆಚ್ಚುಕಡಿಮೆ ಇಮ್ಮಡಿ. ಈ ಲೆಕ್ಕ ನಡೆಯುವುದು ತೇವಾಂಶ ಶೇ. 5ರಿಂದ 14ರೊಳಗೆ ಇದ್ದಾಗ ಮಾತ್ರ.

ನೆಲದಡಿ ಕಾಳು ಕೆಡದಂತೆ ಇಡುವುದು ಉತ್ತರ ಕರ್ನಾಟಕಕ್ಕೆ ಹೊಸದಲ್ಲ. ಹಗೇವು ಎಂಬ ಗುಂಡಿ ಅಗೆದು, ಸುತ್ತ ಹುಲ್ಲು ಹಾಸಿ, ಜೋಳ ತುಂಬಿ, ಬಾಯಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಒಳಗೆ ಕಾಳೇ ಉಸಿರಾಡಿ ಆಮ್ಲಜನಕ ಮುಗಿಸುತ್ತದೆ, ಹುಳ ಸಾಯುತ್ತದೆ. ಗೋಡೆಗೆ ತಾಗಿದ ಜೋಳ ಮಾತ್ರ ಮುಗ್ಗುವುದುಂಟು. ಬಾಯಿ ತೆಗೆದ ಕೂಡಲೇ ಇಳಿದವರು ಉಸಿರುಗಟ್ಟಿ ಸತ್ತಿದ್ದಾರೆ. ಒಂದಷ್ಟು ಹೊತ್ತು ಗಾಳಿಯಾಡಲು ಬಿಡಲೇಬೇಕು.

ಹಾವೇರಿಯಲ್ಲಿ ಅಂಗಡಿಯ ನೆಲಮಾಳಿಗೆಯನ್ನು ಗೋದಾಮು ಮಾಡಿಕೊಂಡಿದ್ದೀರಾ? ಜುಲೈನಲ್ಲಿ ಗಾಳಿಯಾಡಲೆಂದು ಕಿಟಕಿ ತೆಗೆದರೆ ತೇವ ಹೆಚ್ಚಬಹುದು. 30 ಡಿಗ್ರಿಯ ಒಂದು ಘನ ಮೀಟರ್ ಗಾಳಿ ಸುಮಾರು 30 ಗ್ರಾಂ ನೀರಾವಿ ಹಿಡಿಯಬಲ್ಲದು, 20 ಡಿಗ್ರಿಯದು 17 ಗ್ರಾಂ ಮಾತ್ರ. ಮಿಕ್ಕಿದ್ದು ತಣ್ಣನೆಯ ಗೋಡೆಗೆ ಇಳಿಯುತ್ತದೆ.

ಗಾಳಿಯ ತೇವ ತೆಗೆಯುವ ಡಿಹ್ಯೂಮಿಡಿಫೈಯರ್ ಯಂತ್ರ ಮಾಡುವುದೂ ಇದನ್ನೇ: ತಣ್ಣನೆಯ ಕಾಯಿಲ್ ಮೇಲೆ ಗಾಳಿ ಹಾಯಿಸಿ ನೀರು ಇಳಿಸುತ್ತದೆ. ಕೋಣೆ ತಂಪಾಗುವುದಿಲ್ಲ, ತುಸು ಬಿಸಿಯೇ ಆಗುತ್ತದೆ. ಅಂದಹಾಗೆ, 1902ರಲ್ಲಿ ವಿಲಿಸ್ ಕ್ಯಾರಿಯರ್ ಏರ್ ಕಂಡೀಷನರ್ ರೂಪಿಸಿದ್ದು ಸೆಕೆಗಲ್ಲ, ನ್ಯೂಯಾರ್ಕಿನ ಬ್ರೂಕ್ಲಿನ್ ಮುದ್ರಣಾಲಯವೊಂದರಲ್ಲಿ ತೇವಕ್ಕೆ ಕಾಗದ ಹಿಗ್ಗುವುದನ್ನು ತಡೆಯಲು.

ಡಿಹ್ಯೂಮಿಡಿಫೈಯರ್ ಓಡುವಾಗ ಬಾಗಿಲು ಕಿಟಕಿ ಮುಚ್ಚಿರಲಿ, ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 60 ದಾಟದಿರಲಿ. ಗೋಡೆ ಸೋರುತ್ತಿದ್ದರೆ ಮೊದಲು ಗಾರೆಯವರನ್ನು ಕರೆಯಿರಿ. ಇಳಿದ ನೀರು ಸೇರುವ ಬಕೆಟ್ ತುಂಬಿದರೆ ಬಹುತೇಕ ಯಂತ್ರಗಳು ತಾವೇ ನಿಲ್ಲುತ್ತವೆ, ಆದ್ದರಿಂದ ರಾತ್ರಿ ಓಡಿಸುವವರು ಒಂದು ಪೈಪು ಹಾಕಿ ನೀರನ್ನು ಮೋರಿಗೆ ಬಿಡುವುದು ಲೇಸು.