ಓಡದ ಕಾರಿಗೂ ವಯಸ್ಸಾಗುತ್ತದೆ

ಒಂಬತ್ತನೇ ತರಗತಿಯ ಹುಡುಗನೊಬ್ಬ ವಿಜ್ಞಾನದ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಕಾರೊಂದರ ಚಿತ್ರ ಅಂಟಿಸಿಕೊಂಡು ಬಂದಿದ್ದ. ಉದ್ದ ಮೂಗು, ಗಿಡ್ಡ ಬಾಲ, ಎರಡೇ ಸೀಟು. ಪಾಠ ಮುಗಿದ ಮೇಲೆ ಮೇಜಿನ ಬಳಿ ಬಂದು ಕೇಳಿದ: ‘ಸಾರ್, ಐವತ್ತು ವರ್ಷದ ಹಳೇ ಕಾರಿಗೆ ಎರಡು ಕೋಟಿ ಕೊಟ್ಟಿದ್ದಾರಂತೆ. ಬರೀ ಇಪ್ಪತ್ತೊಂದು ಸಾವಿರ ಮೈಲಿ ಓಡಿದೆಯಂತೆ. ಹಾಗಾದ್ರೆ ಅದು ಹೊಸಾ ಕಾರೇ ಅಲ್ವಾ?’

ಪ್ರಶ್ನೆಯ ಹಿಂದೆ ಇನ್ನೊಂದು ಪ್ರಶ್ನೆ ಇತ್ತು. ಅವನ ತಂದೆ ಪೇಟೆಯಲ್ಲಿ ಸಣ್ಣ ಅಂಗಡಿ ನಡೆಸುವವರು. 2013ರಲ್ಲಿ ತಯಾರಾದ ಒಂದು ಕಾರನ್ನು ಕೊಳ್ಳಲು ಮಾತುಕತೆ ನಡೆಸಿದ್ದರು. ‘ಹದಿನಾಲ್ಕು ಸಾವಿರ ಕಿಲೋಮೀಟರ್ ಅಷ್ಟೇ ಓಡಿರೋದು, ಕವರ್ ಹಾಕಿ ನಿಲ್ಲಿಸಿದ್ದ ಗಾಡಿ’ ಎಂದು ಮಾರುವವರು ಹೇಳಿದ್ದರಂತೆ. ಮನೆಯಲ್ಲಿ ಎಲ್ಲರಿಗೂ ಖುಷಿ. ಹುಡುಗನಿಗೆ ಮಾತ್ರ ಏನೋ ಅನುಮಾನ.

ಮೊದಲು ಚಿತ್ರದ ಕಾರಿನ ವಿಷಯ ನೋಡೋಣ. ಅದು ಡಟ್ಸನ್ 240 ಝಡ್. ಡಟ್ಸನ್ ಎಂಬ ಹೆಸರು ನಮಗೆ ತೀರಾ ಅಪರಿಚಿತವಲ್ಲ. 2014ರಿಂದ 2022ರವರೆಗೆ ಆ ಹೆಸರಿನ ಸಣ್ಣ ಕಾರುಗಳು ನಮ್ಮ ರಸ್ತೆಗಳಲ್ಲೂ ಮಾರಾಟವಾದವು. ಅದೇ ಜಪಾನಿನ ನಿಸ್ಸಾನ್ ಕಂಪನಿ 1969ರ ಅಕ್ಟೋಬರಿನಲ್ಲಿ ಹೊರತಂದ ಸ್ಪೋರ್ಟ್ಸ್ ಕಾರು ಇದು. ಜಪಾನಿನಲ್ಲಿ ಇದರ ಹೆಸರು ಫೇರ್‌ಲೇಡಿ ಝಡ್. ಕಂಪನಿಯ ಅಧ್ಯಕ್ಷರು ‘ಮೈ ಫೇರ್ ಲೇಡಿ’ ಸಂಗೀತ ನಾಟಕ ನೋಡಿ ಮೆಚ್ಚಿ ತಮ್ಮ ಸ್ಪೋರ್ಟ್ಸ್ ಕಾರುಗಳಿಗೆ ಇಟ್ಟಿದ್ದ ಹೆಸರದು. ಅಮೆರಿಕದಲ್ಲಿ ಕಂಪನಿಯ ವ್ಯವಹಾರ ನೋಡಿಕೊಳ್ಳುತ್ತಿದ್ದ ಯುಟಾಕಾ ಕಟಯಾಮ ಅವರಿಗೆ ಈ ಹೆಸರು ಸುತರಾಂ ಹಿಡಿಸಲಿಲ್ಲ. ಹಡಗಿನಲ್ಲಿ ಬಂದಿಳಿದ ಮೊದಲ ಕಾರುಗಳ ಮೇಲಿದ್ದ ಹೆಸರನ್ನು ತೆಗೆಸಿ, ಕಂಪನಿಯೊಳಗೆ ಬಳಕೆಯಲ್ಲಿದ್ದ ‘240 ಝಡ್’ ಎಂಬ ಸಂಖ್ಯೆಯನ್ನೇ ಅಂಟಿಸಿಬಿಟ್ಟರು. ಮೇಲಿನವರ ಇಷ್ಟದ ಹೆಸರನ್ನು ಕೆಳಗಿನವರು ಹೀಗೆ ಕಿತ್ತುಹಾಕುವುದು ಜಪಾನಿನ ಕಂಪನಿಯಲ್ಲಿ ಸಣ್ಣ ಧೈರ್ಯವಲ್ಲ. ಈ ಕಟಯಾಮ ಗಟ್ಟಿ ಮನುಷ್ಯ; 105 ವರ್ಷ ಬಾಳಿ 2015ರಲ್ಲಿ ತೀರಿಕೊಂಡರು.

240 ಎಂದರೆ 2.4 ಲೀಟರಿನ ಎಂಜಿನ್. ಒಂದೇ ಸಾಲಿನಲ್ಲಿ ಆರು ಸಿಲಿಂಡರ್. ಪ್ರತಿ ಸಿಲಿಂಡರಿನ ವ್ಯಾಸ 83 ಮಿಲಿಮೀಟರ್, ಪಿಸ್ಟನ್ ಮೇಲೆ ಕೆಳಗೆ ಚಲಿಸುವ ದೂರ 73.7 ಮಿಲಿಮೀಟರ್. ಹೈಸ್ಕೂಲಿನ ಮಕ್ಕಳು ಸಿಲಿಂಡರಿನ ಗಾತ್ರದ ಸೂತ್ರ ಹಾಕಿ ಆರರಿಂದ ಗುಣಿಸಿ ನೋಡಲಿ; 2393 ಘನ ಸೆಂಟಿಮೀಟರ್ ಬರಬೇಕು. ಪರೀಕ್ಷೆಗೆ ಬಿಟ್ಟರೆ ಬೇರೆಲ್ಲೂ ಈ ಸೂತ್ರ ಬೇಡ ಎಂದು ತಿಳಿದವರಿಗೆ ಈ ಲೆಕ್ಕ ಕೊಡುವುದು ನನ್ನ ಅಭ್ಯಾಸ.

ಅಮೆರಿಕದಲ್ಲಿ ಆಗ ಇದರ ಬೆಲೆ 3526 ಡಾಲರ್. ಯುರೋಪಿನ ದುಬಾರಿ ಕಾರುಗಳ ರೂಪ, ಓಟ ಎರಡೂ ಮಧ್ಯಮ ವರ್ಗದವರ ಕೈಗೆಟುಕಿದವು. ಗಂಟೆಗೆ 200 ಕಿಲೋಮೀಟರ್ ಆಸುಪಾಸಿನ ವೇಗ ಇದಕ್ಕೆ ಸಲೀಸು. 240 ಝಡ್ ಒಂದೇ ಮಾದರಿ ಒಂದೂವರೆ ಲಕ್ಷಕ್ಕೂ ಹೆಚ್ಚು ತಯಾರಾಯಿತು. ಅಂದಮೇಲೆ ಇದು ಅಪರೂಪದ ಕಾರೇನಲ್ಲ. ಹಾಗಾದರೆ ಎರಡು ಕೋಟಿ ಏಕೆ?

ಉತ್ತರ ಒಂದೇ ಪದದಲ್ಲಿದೆ: ತುಕ್ಕು. ಆ ಕಾಲದ ಜಪಾನಿ ಕಾರುಗಳ ತಗಡಿಗೆ ತುಕ್ಕುನಿರೋಧಕ ಲೇಪ ಸಾಲದು. ಹಿಮ ಬೀಳುವ ಅಮೆರಿಕದ ರಾಜ್ಯಗಳಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಉಪ್ಪು ಬೆರೆತ ನೀರು ಹೆಪ್ಪುಗಟ್ಟಲು ಇನ್ನಷ್ಟು ಚಳಿ ಬೇಕು ಎಂಬುದನ್ನು ಪಾಠದಲ್ಲಿ ಓದಿದ್ದೀರಿ. ಆ ಉಪ್ಪುನೀರು ಕಾರಿನ ತಳಕ್ಕೆ ಎರಚಿ ಸಂದಿಗಳಲ್ಲಿ ನಿಲ್ಲುತ್ತದೆ. ಬರೀ ನೀರಿಗಿಂತ ಉಪ್ಪುನೀರಿನಲ್ಲಿ ವಿದ್ಯುತ್ತು ಸುಲಭವಾಗಿ ಹರಿಯುವುದರಿಂದ ಕಬ್ಬಿಣ ಬೇಗ ಕರಗುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಮೇಲಿನ ಬಣ್ಣ ಗುಳ್ಳೆಯೇಳುತ್ತದೆ. ನಾವು ಗುಳ್ಳೆ ಕಾಣುವ ಹೊತ್ತಿಗೆ ಒಳಗಿನ ತಗಡು ಹಪ್ಪಳ. ಚಕ್ರಗಳ ಹಿಂಬದಿ, ಕಾಲಿಡುವ ತಳ, ಬ್ಯಾಟರಿ ಕೂರುವ ತಟ್ಟೆ ಹೀಗೆ ಈ ಕಾರು ತೂತಾಗುವ ಜಾಗಗಳು ಬಲ್ಲವರಿಗೆ ಬಾಯಿಪಾಠ. ಲಕ್ಷಗಟ್ಟಲೆ ಕಾರುಗಳಲ್ಲಿ ಕೆಡದೆ ಉಳಿದವು ಬೆರಳೆಣಿಕೆ ಎನ್ನುವಂತಾದದ್ದು ಹೀಗೆ.

ಅಂಥದೊಂದು ಕಾರು, ಸುಮಾರು 21 ಸಾವಿರ ಮೈಲಿ ಮಾತ್ರ ಓಡಿದ್ದು, 2020ರ ಜನವರಿಯಲ್ಲಿ ಅಮೆರಿಕದಲ್ಲಿ ಹರಾಜಿಗೆ ಬಂತು. ಹೋದ ಬೆಲೆ 3 ಲಕ್ಷ 10 ಸಾವಿರ ಡಾಲರ್. ಆಗಿನ ದರದಲ್ಲಿ ಎರಡು ಕೋಟಿ ಇಪ್ಪತ್ತು ಲಕ್ಷ ರೂಪಾಯಿ ಎನ್ನಿ. ಮೂಲ ಬೆಲೆಯ 88 ಪಟ್ಟು!

ಪೋಷಕರು ಇಲ್ಲಿ ಸ್ವಲ್ಪ ನಿಲ್ಲಬೇಕು. ‘ಅಯ್ಯೋ, ನಮ್ಮಪ್ಪನೂ ಒಂದು ಹಳೇ ಕಾರು ಇಟ್ಟುಕೊಂಡಿದ್ದರೆ’ ಎನ್ನುವ ಮೊದಲು ಚಕ್ರಬಡ್ಡಿಯ ಲೆಕ್ಕ ಹಾಕಿ. ಐವತ್ತು ವರ್ಷದಲ್ಲಿ 88 ಪಟ್ಟು ಎಂದರೆ ವರ್ಷಕ್ಕೆ ಶೇಕಡ ಒಂಬತ್ತೂವರೆಗಿಂತ ಕಡಿಮೆ. ಅದರಲ್ಲೂ ಇದು ಲಾಟರಿ ಗೆದ್ದ ಕಾರು. ಜೊತೆಯಲ್ಲಿ ಹುಟ್ಟಿದ ಉಳಿದವು ಗುಜರಿಗೆ ಹೋದವು. ಶೆಡ್ಡಿನ ಬಾಡಿಗೆ, ವಿಮೆ, ರಿಪೇರಿ ಕಳೆಯಿರಿ. ಹಣ ಬೆಳೆಸುವುದಕ್ಕೆ ಹಳೇ ಕಾರಿಗಿಂತ ಸುಲಭದ ದಾರಿಗಳಿವೆ.

ಈಗ ಹುಡುಗನ ಪ್ರಶ್ನೆ. ಕಡಿಮೆ ಓಡಿದ ಕಾರು ಹೊಸದೇ?

21 ಸಾವಿರ ಮೈಲಿ ಎಂದರೆ ಸುಮಾರು 34 ಸಾವಿರ ಕಿಲೋಮೀಟರ್. ಅರ್ಧ ಶತಮಾನಕ್ಕೆ ಹಂಚಿದರೆ ದಿನಕ್ಕೆ ಎರಡು ಕಿಲೋಮೀಟರೂ ಬೀಳುವುದಿಲ್ಲ. ಇದನ್ನು ಕೇಳಿ ಹುಡುಗ, ‘ಹಾಗಾದ್ರೆ ದಿನಾ ಸ್ಕೂಲಿಗೆ ಬಿಟ್ಟು ಬರೋ ಅಷ್ಟೇ ಸಾರ್, ಏನೂ ಸವೆದಿರಲ್ಲ’ ಎಂದ. ನಿಜವಾಗಿ ಆ ಕಾರು ದಿನಕ್ಕೆ ಎರಡೇ ಕಿಲೋಮೀಟರಿನಂತೆ ಓಡಿದ್ದರೆ ಎಂದೋ ಹಾಳಾಗುತ್ತಿತ್ತು! ಏಕೆಂದರೆ ಪೆಟ್ರೋಲು ಉರಿದಾಗ ನೀರು ಹುಟ್ಟುತ್ತದೆ. ಪೆಟ್ರೋಲಿನಲ್ಲಿರುವ ಆಕ್ಟೇನನ್ನೇ ತೆಗೆದುಕೊಳ್ಳಿ. ಅದರ ಒಂದು ಅಣುವಿನಲ್ಲಿ 18 ಹೈಡ್ರೋಜನ್ ಪರಮಾಣುಗಳು. ಉರಿದರೆ ಒಂಬತ್ತು ನೀರಿನ ಅಣುಗಳು. ತೂಕದ ಲೆಕ್ಕದಲ್ಲಿ 114 ಗ್ರಾಂ ಆಕ್ಟೇನಿನಿಂದ 162 ಗ್ರಾಂ ನೀರು. ಹೆಚ್ಚುಕಡಿಮೆ ಒಂದು ಲೀಟರ್ ಪೆಟ್ರೋಲಿಗೆ ಒಂದು ಲೀಟರ್ ನೀರು ಎಂದಿಟ್ಟುಕೊಳ್ಳಿ. ಎಂಜಿನ್ ಚೆನ್ನಾಗಿ ಬಿಸಿಯಾಗಿದ್ದರೆ ಇದೆಲ್ಲ ಆವಿಯಾಗಿ ಸೈಲೆನ್ಸರಿನಿಂದ ಹೊರಹೋಗುತ್ತದೆ. ಎರಡು ಕಿಲೋಮೀಟರಿಗೆ ಎಂಜಿನ್ ಬಿಸಿಯೇ ಆಗದು. ನೀರಿನ ಒಂದಂಶ ಸೈಲೆನ್ಸರಿನಲ್ಲಿ ಉಳಿದು ತುಕ್ಕು ಹಿಡಿಸುತ್ತದೆ, ಇನ್ನೊಂದಂಶ ಎಂಜಿನ್ ಆಯಿಲಿಗೆ ಬೆರೆಯುತ್ತದೆ. ಚಳಿಗಾಲದ ಬೆಳಿಗ್ಗೆ ಕಾರಿನ ಸೈಲೆನ್ಸರಿನಿಂದ ತೊಟ್ಟಿಕ್ಕುವ ನೀರನ್ನು ನೀವೇ ನೋಡಿರಬಹುದು.

ಸರಿ, ಓಡಿಸುವುದೇ ಬೇಡ, ನಿಲ್ಲಿಸಿಬಿಡೋಣ ಎಂದರೆ? ಅಲ್ಲಿ ಬೇರೊಂದು ಗಡಿಯಾರ ನಡೆಯುತ್ತಿರುತ್ತದೆ. ಟ್ಯಾಂಕಿನ ಪೆಟ್ರೋಲಿನಲ್ಲಿ ಹಗುರ ಅಂಶಗಳು ಆವಿಯಾಗಿ ಉಳಿದದ್ದು ಗಾಳಿಯ ಆಮ್ಲಜನಕದ ಜೊತೆ ಸೇರಿ ಅಂಟಾಗುತ್ತದೆ. ಈ ಕಾರಿಗೆ ಎರಡು ಕಾರ್ಬುರೇಟರ್; ಅವುಗಳ ಸೂಜಿ ಗಾತ್ರದ ರಂಧ್ರಗಳನ್ನು ಕಟ್ಟಲು ಆ ಅಂಟು ಸಾಕು. ಸಿಲಿಂಡರಿನ ಗೋಡೆಯ ಮೇಲಿದ್ದ ಎಣ್ಣೆಯ ಪೊರೆ ನಿಧಾನವಾಗಿ ಇಳಿದುಹೋಗುತ್ತದೆ. ಬ್ಯಾಟರಿಯ ಸೀಸದ ತಟ್ಟೆಗಳ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ. ಬಿಸಿಲು ಬಿದ್ದರೆ ಡ್ಯಾಶ್‌ಬೋರ್ಡ್ ಬಿರುಕು ಬಿಡುತ್ತದೆ. 240 ಝಡ್‌ನಲ್ಲಿ ಬಿರುಕಿಲ್ಲದ ಡ್ಯಾಶ್‌ಬೋರ್ಡ್ ಸಿಗುವುದು ಎಷ್ಟು ಕಷ್ಟವೆಂದರೆ, ಕೊಳ್ಳುವವರು ಮೊದಲು ಅದನ್ನೇ ಬಗ್ಗಿ ನೋಡುತ್ತಾರೆ.

ಇದಕ್ಕಿಂತ ಅಪಾಯದ ವಸ್ತುಗಳು ಎರಡು. ಒಂದು ಬ್ರೇಕ್ ಆಯಿಲ್. ಸಾಮಾನ್ಯವಾಗಿ ಬಳಸುವ ಬ್ರೇಕ್ ಆಯಿಲ್ ಗಾಳಿಯಿಂದ ತೇವ ಹೀರುತ್ತದೆ, ಮಳೆಗಾಲದಲ್ಲಿ ಉಪ್ಪಿನ ಜಾಡಿ ಒದ್ದೆಯಾಗುವ ಹಾಗೆ. ‘ಡಾಟ್ 3’ ಎಂಬ ದರ್ಜೆಯ ಹೊಸ ಆಯಿಲ್ ಕುದಿಯಲು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಬೇಕೆಂದು ನಿಯಮ. ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಘಾಟಿ ಇಳಿಯುವಾಗ ಬ್ರೇಕು ಕಾದು ಆಯಿಲ್ ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆ. ದ್ರವವನ್ನು ಅಮುಕಿ ಕುಗ್ಗಿಸಲಾಗದು, ಆವಿಯನ್ನು ಕುಗ್ಗಿಸಬಹುದು. ಪೆಡಲ್ ತಳಕ್ಕೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ.

ಇನ್ನೊಂದು ರಬ್ಬರು. ಗಾಳಿಯ ಆಮ್ಲಜನಕ ಮತ್ತು ಓಜೋನ್ ಅದನ್ನು ಓಡಿದರೂ ನಿಂತರೂ ಗಟ್ಟಿಯಾಗಿಸಿ ಬಿರುಕು ಬಿಡಿಸುತ್ತವೆ. ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ಮಗಳು ಎರಡನೇ ಪಿಯುಸಿಯಲ್ಲಿದ್ದಾಗ ಅವಳಿಗೊಂದು ಸೆಕೆಂಡ್ ಹ್ಯಾಂಡ್ ಸ್ಕೂಟರ್ ಕೊಡಿಸಿದೆ. ನಿವೃತ್ತರೊಬ್ಬರ ಮನೆಯ ಶೆಡ್ಡಿನಲ್ಲಿ ಏಳು ವರ್ಷ ನಿಂತಿದ್ದ ಗಾಡಿ. ಆಯುಧಪೂಜೆಗೆ ಮಾತ್ರ ಹೊರಗೆ ಬರುತ್ತಿತ್ತು. ಆರು ಸಾವಿರ ಕಿಲೋಮೀಟರ್ ಓಡಿತ್ತು, ಟೈರಿನ ಹಲ್ಲುಗಳು ಹೊಸದರಂತಿದ್ದವು. ಅದನ್ನೇ ನೋಡಿ ಬೀಗಿದೆ, ಪಕ್ಕದ ಗೋಡೆಯ ಕೂದಲೆಳೆ ಬಿರುಕುಗಳನ್ನು ನೋಡಲಿಲ್ಲ. ಮೂರನೇ ವಾರ ಟ್ಯೂಷನ್ನಿಗೆ ಹೋಗುವಾಗ ಮುಂದಿನ ಟೈರು ಸಿಡಿಯಿತು. ಹಿಂದೆ ಬರುತ್ತಿದ್ದ ಬಸ್ಸಿನವನು ಎಚ್ಚರವಾಗಿದ್ದುದರಿಂದ ಮಗಳ ಎಡಗೈ ಮಣಿಕಟ್ಟು ಮುರಿಯುವುದರಲ್ಲಿ ಮುಗಿಯಿತು. ಪರೀಕ್ಷೆ ಬರೆಯಲು ಬಲಗೈ ಉಳಿದಿತ್ತು. ಅದೇ ವಾರ ನಾನು ತರಗತಿಯಲ್ಲಿ ಉತ್ಕರ್ಷಣದ ಪಾಠ ಮಾಡುತ್ತಿದ್ದೆ.

ಟೈರಿನ ವಯಸ್ಸು ತಿಳಿಯುವುದು ಸುಲಭ. 2000ನೇ ಇಸವಿಯ ನಂತರ ತಯಾರಾದ ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ. 2313 ಎಂದಿದ್ದರೆ 2013ರ 23ನೇ ವಾರದಲ್ಲಿ ಹುಟ್ಟಿದ್ದು ಎಂದರ್ಥ.

ಇನ್ನು ಮೀಟರ್ ಹೇಳುವ ಸತ್ಯವೂ ಪೂರ್ಣ ಸತ್ಯವಲ್ಲ. 240 ಝಡ್ ಕಾಲದ ಮೀಟರಿನಲ್ಲಿ ಗೇರ್ ಪೆಟ್ಟಿಗೆಯಿಂದ ಬರುವ ಕೇಬಲ್ ತಿರುಗಿ ಅಂಕಿಯ ಗಾಲಿಗಳನ್ನು ತಿರುಗಿಸುತ್ತದೆ. ಪೂರ್ಣ ಮೈಲಿಗಳಿಗೆ ಐದೇ ಗಾಲಿ. 99,999 ಆದ ಮೇಲೆ ಮತ್ತೆ ಸೊನ್ನೆ. ಆದ್ದರಿಂದ 21 ಸಾವಿರ ಎಂಬುದು 1 ಲಕ್ಷ 21 ಸಾವಿರವೂ ಇರಬಹುದು. ಜೊತೆಗೆ ಕೈಯಿಂದ ಹಿಂದಕ್ಕೆ ತಿರುಗಿಸುವ ಕಳ್ಳತನ ಬೇರೆ. ಅಮೆರಿಕದಲ್ಲಿ ಇದರ ವಿರುದ್ಧ 1972ರಲ್ಲೇ ಕಾನೂನು ತಂದರು. ಹಾಗಾಗಿ ತಿಳಿದವರು ಮೀಟರ್ ನೋಡಿ ಸುಮ್ಮನಾಗುವುದಿಲ್ಲ. ಪೆಡಲಿನ ರಬ್ಬರು ಎಷ್ಟು ಸವೆದಿದೆ, ಡ್ರೈವರ್ ಸೀಟಿನ ಅಂಚು ಹೇಗಿದೆ, ಸರ್ವಿಸ್ ಚೀಟಿಗಳಲ್ಲಿ ವರ್ಷದಿಂದ ವರ್ಷಕ್ಕೆ ಅಂಕಿ ಕ್ರಮವಾಗಿ ಏರಿದೆಯೇ ಎಂದು ತಾಳೆ ನೋಡುತ್ತಾರೆ. ಎರಡು ಕೋಟಿಯಲ್ಲಿ ದೊಡ್ಡ ಪಾಲು ಈ ಕಾಗದಪತ್ರಗಳಿಗೇ ಸಂದಿತೆಂದು ನನ್ನ ಭಾವನೆ.

ಇದೆಲ್ಲ ಕೇಳಿ ಈ ಕಾರು ಬರೀ ಗಾಜಿನ ಗೊಂಬೆ ಎಂದುಕೊಳ್ಳಬೇಡಿ. ಪೂರ್ವ ಆಫ್ರಿಕದ ಧೂಳು, ಕೆಸರು, ಕಲ್ಲುಗಳ ನಡುವೆ ಸಾವಿರಾರು ಕಿಲೋಮೀಟರ್ ನಡೆಯುತ್ತಿದ್ದ ಸಫಾರಿ ರ‍್ಯಾಲಿಯನ್ನು 240 ಝಡ್ 1971ರಲ್ಲಿ ಗೆದ್ದಿತು, 1973ರಲ್ಲಿ ಮತ್ತೆ ಗೆದ್ದಿತು. ಎರಡನೇ ಸಲ ಚಕ್ರ ಹಿಡಿದವರು ಉಗಾಂಡದಲ್ಲಿ ಹುಟ್ಟಿದ ಭಾರತೀಯ ಮೂಲದ ಶೇಖರ್ ಮೆಹ್ತಾ. ಇದಿ ಅಮೀನನ ಕಾಲದಲ್ಲಿ, 1972ರಲ್ಲಿ, ಮನೆಮಠ ಬಿಟ್ಟು ಕೀನ್ಯಾ ಸೇರಿದ ಕುಟುಂಬ ಅವರದು. ಮರುವರ್ಷವೇ ಈ ಗೆಲುವು. ಮುಂದೆ 1979ರಿಂದ 82ರವರೆಗೆ ಸತತ ನಾಲ್ಕು ಬಾರಿ ಗೆದ್ದು ಒಟ್ಟು ಐದು ಸಲ ಸಫಾರಿ ಜಯಿಸಿದರು. ಅಂಥ ದಾರಿಯಲ್ಲಿ ಓಡಲೆಂದು ಹುಟ್ಟಿದ ಯಂತ್ರದ ತಮ್ಮನೊಬ್ಬ ಈಗ ಹೊದಿಕೆಯಡಿ ಮಲಗಿದ್ದಾನೆ. ಕೊಂಡವರ ಪಾಡೂ ವಿಚಿತ್ರ. ಓಡಿಸಿದರೆ ಮೈಲಿ ಏರಿ ಬೆಲೆ ಇಳಿಯುತ್ತದೆ, ಓಡಿಸದಿದ್ದರೆ ಸೀಲುಗಳು ಒಣಗಿ ಎಣ್ಣೆ ಸೋರುತ್ತದೆ. ಆದ್ದರಿಂದ ಇಂಥ ಕಾರುಗಳನ್ನು ಬಲ್ಲವರು ಆಗಾಗ್ಗೆ ಹೊರತೆಗೆದು, ಎಂಜಿನ್ ಚೆನ್ನಾಗಿ ಕಾಯುವಷ್ಟು ದೂರ ಓಡಿಸಿ ತಂದು ನಿಲ್ಲಿಸುತ್ತಾರೆ.

ಮುಂದಿನ ಸೋಮವಾರ ಹುಡುಗ ಮತ್ತೆ ಬಂದ. ಅಪ್ಪನ ಜೊತೆ ಹೋಗಿ ಆ ಕಾರು ನೋಡಿಕೊಂಡು ಬಂದಿದ್ದನಂತೆ.

‘ಕಿಲೋಮೀಟರ್ ಸುಳ್ಳಲ್ಲ ಸಾರ್. ಪೆಡಲ್ ಸವೆದಿಲ್ಲ, ಸರ್ವಿಸ್ ಬಿಲ್ಲೂ ಸರಿಯಾಗಿವೆ. ಆದ್ರೆ ನಾಲ್ಕೂ ಟೈರು 2013ರವೇ. ಬ್ರೇಕ್ ಆಯಿಲ್ ಯಾವಾಗ ಬದಲಾಯಿಸಿದ್ದು ಅಂತ ಕೇಳಿದ್ರೆ ಅಂಕಲ್‌ಗೆ ಗೊತ್ತೇ ಇಲ್ಲ.’

‘ಅಪ್ಪ ಏನಂದ್ರು?’

‘ನಾಲ್ಕು ಟೈರಿನ ದುಡ್ಡು ಕಳೆದು ಕೊಡ್ತೀನಿ ಅಂದಿದ್ದಾರೆ. ಅವರು ಎರಡು ಟೈರಿಗೆ ಒಪ್ಪಿದ್ದಾರೆ. ಸ್ಟೆಪ್ನಿ ನೋಡೋದು ಮರೆತುಹೋಯ್ತು ಸಾರ್, ಇವತ್ತು ಸಾಯಂಕಾಲ ಮತ್ತೆ ಹೋಗ್ತೀವಿ.’