ಹಂಪಿಯ ತೂಗುಮಂಚ ಮತ್ತು ‘ಕಾಟ್’

‘ಡಬಲ್ ಕಾಟ್ ಎಷ್ಟು?’ ಎನ್ನುವುದು ಹೊಸಪೇಟೆಯ ಫರ್ನಿಚರ್ ಅಂಗಡಿಯಲ್ಲೂ ಕಂಪ್ಲಿಯ ಮದುವೆ ಮನೆಯಲ್ಲೂ ಸಹಜವಾಗಿ ಬರುವ ಮಾತು. ಕಾಟ್ ಅಚ್ಚ ಇಂಗ್ಲಿಷ್ ಪದ ಎಂದೇ ಬಹಳ ಜನರ ನಂಬಿಕೆ. ಆದರೆ ಅದು ಇಲ್ಲಿಂದ ಹೋಗಿ, ಕಡಲಾಚೆ ಸುತ್ತಿ ಮರಳಿದ ಪದ.

17ನೇ ಶತಮಾನದಲ್ಲಿ ವ್ಯಾಪಾರಕ್ಕೆ ಬಂದ ಇಂಗ್ಲಿಷರು ಹಿಂದಿಯ ‘ಖಾಟ್’ ಅನ್ನು ತಮ್ಮ ನಾಲಿಗೆಗೆ ಒಗ್ಗಿಸಿಕೊಂಡರು. ಅದರ ಹಿಂದೆ ಸಂಸ್ಕೃತದ ‘ಖಟ್ವಾ’ ಇದೆ. ಶಿವನ ಕೈಯ ಆಯುಧ ಖಟ್ವಾಂಗದ ಹೆಸರಿನಲ್ಲಿರುವುದೂ ಇದೇ ಮಂಚ. ಖಟ್ವಾ ಮೂಲದಲ್ಲಿ ದ್ರಾವಿಡ ಪದ, ತಮಿಳು–ಮಲಯಾಳಂಗಳ ‘ಕಟ್ಟಿಲ್’ನ ಬಳಗದ್ದು ಎನ್ನುವ ಭಾಷಾವಿಜ್ಞಾನಿಗಳಿದ್ದಾರೆ. ಕಟ್ಟಿಲ್ ಎಂದೊಡನೆ ಕನ್ನಡಿಗರಿಗೆ ‘ಕಟ್ಟು’ ನೆನಪಾಗುತ್ತದೆ.

ನಮ್ಮ ಹೊರಸನ್ನು ಕಂಡವರಿಗಂತೂ ಈ ನಂಟು ದೂರದ್ದೆನಿಸದು. ಹೊರಸಿಗೆ ಹಲಗೆಯಿಲ್ಲ. ನಾಲ್ಕು ಕಾಲು, ನಾಲ್ಕು ಪಟ್ಟಿ. ಉಳಿದದ್ದೆಲ್ಲ ನುಲಿ ಹಗ್ಗದ ಹೆಣಿಗೆ. ಮಲಗಿ ಮಲಗಿ ನಡು ಜೋತುಬಿದ್ದರೆ ಕಾಲ ದೆಸೆಯ ಹಗ್ಗ ಎಳೆದು ಬಿಗಿದರಾಯಿತು. ಬಳ್ಳಾರಿ ಸೀಮೆಯ ಬೇಸಿಗೆಯಲ್ಲಿ ಅಂಗಳಕ್ಕೆ ಹಾಕಿಕೊಂಡರೆ ಕೆಳಗಿನಿಂದಲೂ ಗಾಳಿಯಾಡುತ್ತದೆ. ಸೆಕೆಗೆ ಇದಕ್ಕಿಂತ ಹಿತವಾದ ಹಾಸಿಗೆ ಇನ್ನೊಂದಿಲ್ಲ.

ಹಡಗು ಹತ್ತಿದ ಮೇಲೆ ಕಾಟ್ ಪದದ ಅರ್ಥ ಬೇರೆಬೇರೆಯಾಯಿತು. ನಾವಿಕರಿಗೆ ಕಾಟ್ ಎಂದರೆ ತೊಲೆಗೆ ತೂಗುಹಾಕಿದ ಕ್ಯಾನ್ವಾಸಿನ ಹಾಸಿಗೆ. ಇಂದಿನ ಇಂಗ್ಲೆಂಡಿನಲ್ಲಿ ಅದು ಕೂಸಿನ ಮಂಚ, ಅಮೆರಿಕದಲ್ಲಿ ಮಡಚಿ ಒಯ್ಯುವ ಶಿಬಿರದ ಮಂಚ.

ತೂಗುವ ಮಂಚದ ಮಾತಿಗೆ ಹಂಪಿಯನ್ನು ಬಿಡುವಂತಿಲ್ಲ. 1520ರ ಸುಮಾರಿಗೆ ಕೃಷ್ಣದೇವರಾಯನ ಅರಮನೆಯೊಳಗೆ ಸುತ್ತಾಡಿದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಒಂದು ಮೊಗಸಾಲೆಯಲ್ಲಿ ಬೆಳ್ಳಿ ಸರಪಳಿಗಳ, ಅದರೆದುರಿನ ಕೋಣೆಯಲ್ಲಿ ಚಿನ್ನದ ಸರಪಳಿಗಳ ತೂಗುಮಂಚ ಕಂಡ. ಎರಡನೆಯದರ ಚಿನ್ನದ ಕಾಲುಗಳಿಗೆ ರತ್ನ ಕೂರಿಸಿತ್ತು. ಮದರಾಸು ಪ್ರಾಂತದ ಅಧಿಕಾರಿಯಾಗಿದ್ದ ರಾಬರ್ಟ್ ಸೀವೆಲ್ 1900ರಲ್ಲಿ ಈ ವರ್ಣನೆಯನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದಾಗ ಬಳಸಿದ್ದು ‘ಕಾಟ್’ ಪದವನ್ನೇ. ಪಾಯೆಸನ ನಂತರ ಬಂದ ಫೆರ್ನಾವೊ ನೂನಿಜ್ ಹೇಳುವುದು ಇನ್ನೂ ಆಪ್ತ ವಿವರ: ಮುಂದಿನ ಅರಸ ಅಚ್ಯುತರಾಯನ ದಿಂಬಿನ ಅಂಚಿಗೆ ಮುತ್ತಿನ ಕೆಲಸ, ಸೊಳ್ಳೆಪರದೆಗೆ ಬೆಳ್ಳಿಯ ಚೌಕಟ್ಟು, ಆ ಪರದೆ ರಾಯ ಹೋದಲ್ಲೆಲ್ಲ ಹೋಗುತ್ತಿತ್ತು. ತುಂಗಭದ್ರೆಯ ದಡದ ಸೊಳ್ಳೆ ಅರಸನನ್ನೂ ಬಿಟ್ಟಿರಲಿಲ್ಲ!

ಆ ಮಂಚಗಳಲ್ಲಿ ಒಂದೂ ಈಗಿಲ್ಲ. 1565ರ ಯುದ್ಧದಲ್ಲಿ ವಿಜಯನಗರ ಸೋತ ನಂತರದ ಬೆಂಕಿ, ಕೊಳ್ಳೆಗಳಲ್ಲಿ ಅರಮನೆಗಳ ಮರದ ಭಾಗವೆಲ್ಲ ಹೋಗಿ ಕಲ್ಲಿನ ಅಧಿಷ್ಠಾನಗಳು ಉಳಿದವು. ಅಂದಿನವರು ನಿದ್ರೆಗೆ ಕೊಟ್ಟ ಮರ್ಯಾದೆಯನ್ನು ಕಣ್ಣಾರೆ ಕಾಣಬೇಕಾದವರು ಹೊಸಪೇಟೆಯಿಂದ ಹಂಪಿಗೆ ಹೋಗುವ ದಾರಿಯ ಅನಂತಶಯನಗುಡಿಯಲ್ಲಿ ಇಳಿಯಬೇಕು. ಕೃಷ್ಣದೇವರಾಯ ಮಗ ತಿರುಮಲನ ಹೆಸರಿನಲ್ಲಿ 1524ರಲ್ಲಿ ಕಟ್ಟಿಸಿದ ಈ ದೇವಾಲಯದಲ್ಲಿ ಮಲಗಿದ ದೇವರಿಗೆ ಹೊಂದುವಂತೆ ಗರ್ಭಗುಡಿಯನ್ನೇ ಅಡ್ಡಕ್ಕೆ ಉದ್ದವಾಗಿಸಿದ್ದಾರೆ. ಪೀಠವಿದೆ, ಮೂರ್ತಿಯಿಲ್ಲ. ಹೂವಿನಹಡಗಲಿ ತಾಲ್ಲೂಕಿನ ಹೊಳಲಿನಲ್ಲಿರುವ ಅನಂತಶಯನನೇ ಇಲ್ಲಿಗೆ ಬರಬೇಕಾಗಿದ್ದವನು, ದಾರಿಯಲ್ಲಿ ಅಲ್ಲೇ ನೆಲೆನಿಂತ ಎನ್ನುವುದು ಈ ಸೀಮೆಯ ಜನರ ಕಥೆ.